ಅಕ್ಕೋರು ಹುಡುಕಿದ ತವರು

ಹೊನ್ನಾವರದ ನಮ್ಮ ಹೈಸ್ಕೂಲಿನಲ್ಲಿ ಸಮಾಜ ವಿಷಯ ಕಲಿಸುತ್ತಿದ್ದ ಅಕ್ಕೋರು ಈ ವರ್ಷದ ಶ್ರಾವಣದಲ್ಲಿ ತೀರಿಕೊಂಡರು. ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ನಿವೃತ್ತ ಶಿಕ್ಷಕಿ, ಅವಿವಾಹಿತೆ, ಸಹೋದರ ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ ಎಂದಿತ್ತು. ಅಪಾರ ಬಂಧುಬಳಗ ಎಂಬ ಮಾತಿನ ಮೇಲೆ ನನ್ನ ಕಣ್ಣು ನಿಂತಿತು. ಬದುಕಿನ ಕೊನೆಯ ಹತ್ತು-ಹನ್ನೆರಡು ವರ್ಷ ಅವರು ಹುಡುಕಿದ್ದು ಒಬ್ಬಳೇ ಒಬ್ಬ ಬಂಧುವಿನ ಗುರುತನ್ನು. ಅದು ಸಿಗಲಿಲ್ಲ. ಹುಡುಕಲು ಹೋಗಿ, ಇದ್ದವರನ್ನೂ ಕಳೆದುಕೊಂಡರು.

ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಎನ್ನುವುದು ರೂಢಿ. ಹಿಂದಿ ಕಲಿಸುವ ನಾನೂ ಮಕ್ಕಳಿಗೆ ಅಕ್ಕೋರೇ. ಆದರೆ ಸ್ಟಾಫ್ ರೂಮಿನಲ್ಲಿ ಬರೀ 'ಅಕ್ಕೋರು' ಎಂದರೆ ಅವರೊಬ್ಬರೇ. ಎತ್ತರದ ಹೆಂಗಸು, ಕುತ್ತಿಗೆಯ ಹತ್ತಿರ ಸ್ವಲ್ಪ ಬಾಗಿದ ಬೆನ್ನು, ಗಂಜಿ ಹಾಕಿದ ಹತ್ತಿ ಸೀರೆ, ಗಂಡಸರು ಹಿಡಿಯುವ ಉದ್ದ ಕಾವಿನ ಕೊಡೆ. ಬಂದರು ರಸ್ತೆಯ ಬಾಡಿಗೆ ಮನೆಯಿಂದ ಶಾಲೆಗೆ ನಡೆದೇ ಬರುತ್ತಿದ್ದರು. ಜೊತೆಗೆ ನಡೆಯುವವರಿಗೆ ಓಡಿದಷ್ಟು ದಣಿವಾಗುತ್ತಿತ್ತು. ಮಕ್ಕಳ ಉತ್ತರ ಪತ್ರಿಕೆಯನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತಿರಲಿಲ್ಲ, ಪೆನ್ಸಿಲ್ಲಿನಲ್ಲಿ ತಿದ್ದುತ್ತಿದ್ದರು. ತಪ್ಪು ನನ್ನದೂ ಇರಬಹುದು, ಅಳಿಸಲಿಕ್ಕೆ ಬರಬೇಕಲ್ಲ ಎನ್ನುತ್ತಿದ್ದರು.

ನಾನು ಆ ಶಾಲೆಗೆ ಸೇರಿದ ದಿನ ಅವರು ನನ್ನ ಜಾತಿ ಕೇಳಲಿಲ್ಲ, ಗಂಡನ ಕೆಲಸ ಕೇಳಲಿಲ್ಲ. ಡಬ್ಬಿಯ ಒಗ್ಗರಣೆ ಅವಲಕ್ಕಿಯನ್ನು ನನ್ನ ಕಡೆ ಸರಿಸಿ, ನಿಮ್ಮ ಅಜ್ಜಿಯ ತವರು ಎಲ್ಲಿ ಎಂದು ಕೇಳಿದರು. ನಾನು ಕುಮಟೆ ಹತ್ತಿರದ ಬಾಡದವಳು. ಅಮ್ಮನ ತವರು ಅಘನಾಶಿನಿ, ಅಮ್ಮನ ಅಮ್ಮ ಹೊಳೆಯ ಆಚೆಯ ತದಡಿಯವಳು ಎಂದೆ. ಅಪ್ಪನ ಅಮ್ಮ ಎಲ್ಲಿಯವಳು ಎಂದರು. ನನಗೆ ಗೊತ್ತಿರಲಿಲ್ಲ. ಅವರೇನೂ ಬೇಸರಿಸಲಿಲ್ಲ. "ಅಜ್ಜನ ಊರು ಕೇಳಿದ್ರೆ ಎಲ್ಲರೂ ಹೇಳ್ತಾರೆ," ಎಂದರು. "ಅಜ್ಜಿಯರದ್ದು ಕೇಳಿದ್ರೆ ಮುಂದೆ ಮಾತಿಲ್ಲ." ಆ ಸಂಜೆ ನಾನು ಅಪ್ಪನಿಗೆ ಫೋನು ಮಾಡಿ ಕೇಳಿದೆ. ಅಪ್ಪನಿಗೂ ಸರಿಯಾಗಿ ಗೊತ್ತಿರಲಿಲ್ಲ.

ವಲಸೆಯ ಪಾಠ ಬಂದಾಗ ಅವರು ಮಕ್ಕಳಿಗೆ ಒಂದೇ ಪ್ರಶ್ನೆ ಕೊಟ್ಟು ಕಳಿಸುತ್ತಿದ್ದರು: ನಿಮ್ಮ ಮನೆಗೆ ಹೊರಗಿನಿಂದ ಬಂದವರು ಯಾರು? ಮರುದಿನ ಮಕ್ಕಳು ಗೋವೆಯಿಂದ ಓಡಿಬಂದ ಮುತ್ತಜ್ಜ, ಘಟ್ಟದಿಂದ ಇಳಿದ ಅಜ್ಜನ ಅಜ್ಜ ಎಂದೆಲ್ಲ ಹೇಳುತ್ತಿದ್ದರು. ಒಂದು ವರ್ಷ ಒಬ್ಬ ಹುಡುಗಿ ಎದ್ದು ನಿಂತು, ನಮ್ಮನೆಗೆ ಹೊರಗಿಂದ ಬಂದವಳು ನನ್ನ ಅಮ್ಮ ಎಂದಳಂತೆ. ತರಗತಿ ನಕ್ಕಿತು. ಅಕ್ಕೋರು ಅವಳ ಬೆನ್ನು ತಟ್ಟಿ, ಪುಸ್ತಕ ಮುಚ್ಚಿ ಜಗಲಿಗೆ ಬಂದು ನಿಂತರು. ಪಕ್ಕದ ತರಗತಿಯಿಂದ ನಾನು ನೋಡಿದೆ. ಗಂಟೆ ಹೊಡೆಯುವವರೆಗೂ ಅವರು ಒಳಗೆ ಹೋಗಲಿಲ್ಲ.

ಅವರ ಮೊದಲ ನೌಕರಿ ಭಟ್ಕಳದಲ್ಲಿ. ಅಲ್ಲಿ ಒಬ್ಬ ನವಾಯತ ಮುಸ್ಲಿಂ ಅಮ್ಮನ ಮನೆಯ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗೆ ಇದ್ದರು. ಆ ಅಮ್ಮ ತನ್ನ ತಾಯಿ, ತಾಯಿಯ ತಾಯಿ, ಅವರ ತಾಯಿ ಎಂದು ಬೆರಳು ಮಡಿಸುತ್ತ ಹೋಗಿ, ಯಾರ್‍ಯಾರು ಯಾವ ಓಣಿಯ ಯಾವ ಮನೆಯಲ್ಲಿ ಹುಟ್ಟಿದರು ಎಂದು ಕಿಟಕಿಯಿಂದಲೇ ತೋರಿಸುತ್ತಿದ್ದಳಂತೆ. ಅಕ್ಕೋರು ಅದನ್ನು ಹೇಳುವಾಗ ಅವರ ದನಿಯಲ್ಲಿ ಹೊಟ್ಟೆಕಿಚ್ಚು ಇರುತ್ತಿತ್ತು. ಅವರು ಬೇರೆ ಯಾವುದಕ್ಕೂ ಯಾರ ಮೇಲೂ ಹೊಟ್ಟೆಕಿಚ್ಚು ಪಟ್ಟದ್ದನ್ನು ನಾನು ಕಂಡಿಲ್ಲ.

ಅವರನ್ನು ಸಾಕಿದವಳು ಅಪ್ಪನ ಅಮ್ಮ. ತಾಯಿ ಕಾಯಿಲೆಯವರಾದ್ದರಿಂದ ಜಡೆ ಹಾಕುವುದರಿಂದ ಹಿಡಿದು ಜ್ವರಕ್ಕೆ ಕಷಾಯ ಕುಡಿಸುವವರೆಗೆ ಎಲ್ಲ ಅಜ್ಜಿಯೇ. ಶರಾವತಿಯ ಹೊಳೆಸಾಲಿನ ತೋಟಸ್ಥರ ದೊಡ್ಡ ಮನೆ ಅದು. ದೀಪಾವಳಿಗೆ ಮನೆಯ ಸೊಸೆಯಂದಿರೆಲ್ಲ ತವರಿಗೆ ಹೊರಡುತ್ತಿದ್ದರು. ಅಜ್ಜಿ ಹೊರಡುತ್ತಿರಲಿಲ್ಲ. ಅವಳನ್ನು ಕರೆಯಲು ಯಾವ ಅಣ್ಣತಮ್ಮನೂ ಬರುತ್ತಿರಲಿಲ್ಲ. ಅವಳು ಕನ್ನಡವನ್ನು ಮನೆಯವರ ಹಾಗೆಯೇ ಆಡುತ್ತಿದ್ದಳು, ಆದರೆ ಅಕ್ಕಿ ಅಳೆಯುವಾಗ ಮರಾಠಿಯಲ್ಲಿ ಎಣಿಸುತ್ತಿದ್ದಳು. ಅಜ್ಜ ಮೊದಲ ಹೆಂಡತಿ ಸತ್ತ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ಪುಣೆ ಕಡೆಯಿಂದ ಅವಳನ್ನು ಮದುವೆಯಾಗಿ ತಂದ ಎಂದಷ್ಟೇ ಮನೆಯವರಿಗೆ ಗೊತ್ತು, ಅಥವಾ ಅಷ್ಟೇ ಹೇಳುತ್ತಿದ್ದರು. ಚಿಕ್ಕವರಿದ್ದಾಗ ಅಕ್ಕೋರು ಒಮ್ಮೆ ಅಜ್ಜಿಯನ್ನೇ ಕೇಳಿದ್ದರು. "ಯಂಗೆ ತವರು ಹೇಳಿ ಇಲ್ಲೆ ಕೂಸೆ," ಎಂದು, ತನಗೆ ತವರೆಂಬುದೇ ಇಲ್ಲವೆಂದು ಅಜ್ಜಿ ಹೇಳಿ, ಜಡೆಯನ್ನು ಇನ್ನಷ್ಟು ಬಿಗಿದು ಕಟ್ಟಿದಳಂತೆ.

ಇದೆಲ್ಲ ಎಲ್ಲರ ಮನೆಯಲ್ಲಿರುವ ಹಾಗೆ ಹಳೆಯ ಮಾತಾಗಿ ಉಳಿಯುತ್ತಿತ್ತೋ ಏನೋ. ಅಕ್ಕೋರು ನಿವೃತ್ತರಾಗುವ ಹೊತ್ತಿಗೆ ಅವರ ಮನೆತನದವರು ಸಮ್ಮೇಳನ ಮಾಡಿ ವಂಶಾವಳಿ ಅಚ್ಚು ಹಾಕಿಸಿದರು. ಗಂಡಸರ ಹೆಸರಿನ ಕೆಳಗೆ ಹೆಂಡತಿಯ ಹೆಸರು, ಪಕ್ಕದಲ್ಲಿ ಕಂಸದೊಳಗೆ ಅವಳ ತವರೂರು: ಕರ್ಕಿ, ಹಳದೀಪುರ, ಕಡತೋಕ. ಅಜ್ಜಿಯ ಹೆಸರಿನ ಮುಂದೆ ಕಂಸ ತೆರೆದು ಮುಚ್ಚಿತ್ತು, ನಡುವೆ ಏನೂ ಇರಲಿಲ್ಲ. ಅದನ್ನು ಅವರು ಸ್ಟಾಫ್ ರೂಮಿಗೆ ತಂದು ನನಗೆ ತೋರಿಸಿದರು. ನನಗೆ ಜಡೆ ಹಾಕಿದ ಕೈ ಎಲ್ಲಿಂದ ಬಂತು ಎಂದು ನನಗೆ ಗೊತ್ತಿಲ್ಲ, ಮೂವತ್ತು ವರ್ಷ ಮಕ್ಕಳಿಗೆ ಇತಿಹಾಸ ಹೇಳಿದೆ ಎಂದರು. ಬೇಗ ಪೆನ್ಶನ್ ಬರಲಿ, ಹುಡುಕುತ್ತೇನೆ ಎಂದರು.

ಮೊದಲು ತಾಲೂಕು ಕಚೇರಿ. ಅಜ್ಜಿಯ ಮರಣದ ನೋಂದಣಿ ಸಿಕ್ಕಿತು. ತಂದೆ ಅಥವಾ ಗಂಡ ಎಂಬಲ್ಲಿ ಗಂಡನ ಹೆಸರಿತ್ತು. ಮದುವೆಗೆ ದಾಖಲೆಯೇ ಇಲ್ಲ. ಹುಟ್ಟು ಈ ಜಿಲ್ಲೆಯದಲ್ಲ. ಮುಂಬೈ ಪ್ರಾಂತದ ಕಾಲದ ಹಳೆಯ ಕಾಗದಗಳು ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯಲ್ಲಿರುತ್ತವೆ ಎಂದು ಗೊತ್ತಾಗಿ, ಅರವತ್ತು ದಾಟಿದ ಮೇಲೆ ಅವರು ಕುಮಟೆಯ ಒಬ್ಬ ವೃದ್ಧರ ಬಳಿ ಮೋಡಿ ಕಲಿಯಲು ಹೋದರು. ಮಳೆಗಾಲವಿಡೀ ಬಸ್ಸಿನಲ್ಲಿ ಹೋಗಿ ಬಂದು, ಮಕ್ಕಳ ಹಾಗೆ ಅಕ್ಷರ ತೀಡಿದರು. ಮನೆಯ ಅಟ್ಟದಿಂದ ಇಳಿಸಿದ ಕಾಗದಗಳನ್ನೆಲ್ಲ ಕೊನೆಗೆ ತಾವೇ ಓದಿದರು. ಏನಿತ್ತು ಅಕ್ಕೋರೆ ಎಂದು ಕೇಳಿದೆ. ಗದ್ದೆಯ ನಾಲ್ಕೂ ದಿಕ್ಕಿನ ಗಡಿ ಬರೆದಿದ್ದಾರೆ, ಗಡಿಯಲ್ಲಿದ್ದ ಮಾವಿನ ಮರವನ್ನೂ ಬರೆದಿದ್ದಾರೆ, ಹೆಂಗಸರು ಯಾರೂ ಇಲ್ಲ ಎಂದರು.

ಕುಮಟೆಗೆ ಹೋಗಿ ಬಂದದ್ದರಿಂದ ಒಂದು ಉಪಯೋಗವಾಯಿತು. ಅಲ್ಲಿನ ಒಂದು ಮನೆಯಲ್ಲಿ ಇಂಥದೇ ಇನ್ನೊಬ್ಬ ಅಜ್ಜಿ ಇದ್ದಾಳೆ, ಅವಳೂ ಮರಾಠಿಯಲ್ಲಿ ಎಣಿಸುತ್ತಾಳೆ ಎಂದು ಆ ವೃದ್ಧರು ಹೇಳಿದರು. ಹಿಂದಿ ಕಲಿಸುವ ನನಗೆ ಮರಾಠಿಯೂ ತಿಳಿಯುತ್ತದೆಂದು ಅಕ್ಕೋರು ನನ್ನನ್ನೂ ಕರೆದುಕೊಂಡು ಹೋದರು. ನೂರರ ಆಸುಪಾಸಿನ ಮುದುಕಿ, ಕಣ್ಣು ಚೆನ್ನಾಗಿತ್ತು. ಮಗ ಪೇಟೆಗೆ ಹೋಗಿದ್ದ. ಅಕ್ಕೋರು ತಮ್ಮ ಅಜ್ಜಿಯ ಸುದ್ದಿ ಹೇಳುತ್ತ ಹೋದರು. ಮುದುಕಿ ಬಾಗಿಲ ಕಡೆ ನೋಡಿ ಹೇಳಿದಳು:

"ನಾವು ನಾಲ್ಕು ಹುಡುಗೀರು ಒಂದೇ ಆಗಬೋಟಿನಲ್ಲಿ ಬಂದದ್ದು. ಅಲ್ಲಿ ನಂಗೆ ನರ್ಮದಾ ಹೇಳಿ ಕರೀತಿದ್ರು. ತದಡಿ ಬಂದರಿನಲ್ಲಿ ಇಳಿಯೂಕೆ ಮೊದ್ಲೇ ಬೇರೆ ಹೆಸರು ಕಲಿಸಿದ್ರು. ಇನ್ನು ನೀವು ಒಬ್ಬರಿಗೊಬ್ಬರು ಗುರ್ತಿಲ್ಲ ಹೇಳಿ ಆಣೆ ಹಾಕ್ಸಿದ್ರು."

ಉಳಿದ ಮೂವರಲ್ಲಿ ಹೊನ್ನಾವರದ ಹೊಳೆಸಾಲಿಗೆ ಹೋದವಳು ಯಾರು ಎಂದು ಅಕ್ಕೋರು ಕೇಳಿದರು.

"ಹೊಳೆಸಾಲಿನ ಕಡೆ ಒಂದು ಗಾಡಿ ಹೋದದ್ದು ಹೌದು. ಎಲ್ಲರಿಗೂ ಒಂದೇ ನಮನಿ ಸೀರೆ, ಮೋರೆ ತುಂಬ ಸೆರಗು. ಯಾರನ್ನ ಯಾವ ಗಾಡಿಗೆ ಹತ್ತಿಸಿದ್ರು ನೋಡ್ಲಿಲ್ಲ ತಂಗಿ. ನಾನು ನನ್ನ ಗಾಡಿ ನೋಡ್ತಿದ್ದೆ."

ಎಲ್ಲಿಂದ ಬಂದದ್ದು ಎಂಬ ಪ್ರಶ್ನೆಗೆ ಒಂದು ಊರಿನ ಹೆಸರು ಹೇಳಿದಳು. ನಾವು ಹೊರಡುವಾಗ, ನನ್ನ ಮಕ್ಕಳಿಗೆ ಇದು ಗೊತ್ತಿಲ್ಲ ಎಂದು ಅಕ್ಕೋರ ಕೈ ಹಿಡಿದುಕೊಂಡಳು.

ಕುಮಟೆಯಿಂದ ರೈಲು ಹತ್ತಿ, ಎರಡು ಕಡೆ ಬಸ್ಸು ಬದಲಿಸಿ ನಾವಿಬ್ಬರು ಆ ಊರಿಗೆ ಹೋದೆವು. ಹೆಸರು ಬೇಡ. ವಿಧವೆಯರು ಹೆತ್ತು ಬಿಟ್ಟುಹೋದ ಕೂಸುಗಳನ್ನು ಸಾಕುತ್ತಿದ್ದ ಒಂದು ಅನಾಥಾಲಯ ಅಲ್ಲಿತ್ತು, ಈಗಲೂ ಇದೆ. ಅದನ್ನು ನೋಡಿಕೊಳ್ಳುವ ಹೆಂಗಸು ಒಳ್ಳೆಯವರು. ಚಹಾ ಕೊಟ್ಟು, ಹಳೆಯ ಪುಸ್ತಕ ತೆಗೆದು ಕೂರಿಸಿದರು. ನಾನು ಓದಿದೆ, ಅಕ್ಕೋರು ಕೇಳಿದರು. ಬಂದ ಕೂಸುಗಳಿಗೆ ಆ ಕಾಲದಲ್ಲಿ ನದಿಗಳ ಹೆಸರನ್ನು ಇಡುತ್ತಿದ್ದರಂತೆ. ಗೋದಾ, ಭೀಮಾ, ತಾಪಿ, ನರ್ಮದಾ ಎಂಬ ನಾಲ್ಕು ಹೆಸರುಗಳ ಮುಂದೆ, 'ವಿವಾಹ, ಕಾನಡಾ ಜಿಲ್ಹಾ', ಅಂದರೆ ನಮ್ಮ ಜಿಲ್ಲೆಗೆ ಮದುವೆ ಎಂದು ಒಂದೇ ಕೈಯ ಬರಹದಲ್ಲಿತ್ತು. ವರನ ಹೆಸರಿಲ್ಲ, ಊರಿಲ್ಲ. ವಯಸ್ಸು ನಾಲ್ವರದ್ದೂ ಹೆಚ್ಚುಕಡಿಮೆ ಒಂದೇ. ತಾಯಿಯ ಹೆಸರಿನ ಜಾಗದಲ್ಲಿ ನಾಲ್ವರಿಗೂ 'ಅಜ್ಞಾತ'. ನರ್ಮದಾ ಕುಮಟೆಯವಳು. ಉಳಿದ ಮೂವರಲ್ಲಿ ಒಬ್ಬಳು ಅಕ್ಕೋರ ಅಜ್ಜಿ. ಯಾರು ಎಂದು ಹೇಳಲು ಆ ಪುಸ್ತಕದಲ್ಲಿ ಏನೂ ಇರಲಿಲ್ಲ.

ಅಕ್ಕೋರು ಆ ಮೂರು ಹೆಸರುಗಳನ್ನು ಒಂದೊಂದಾಗಿ ಮೆಲ್ಲಗೆ ಕರೆದು ನೋಡಿದರು. ಯಾವುದೂ ತನ್ನ ಅಜ್ಜಿಯ ಮುಖಕ್ಕೆ ಕೂರುವುದಿಲ್ಲ ಎಂದರು. ಮತ್ತೆ, ಇದೂ ಯಾರೋ ಇಟ್ಟ ಹೆಸರೇ, ಹೆತ್ತವಳದ್ದಲ್ಲ ಎಂದರು. ಕೂಸುಗಳನ್ನು ಬಿಟ್ಟುಹೋಗಲು ತೊಟ್ಟಿಲು ಇಡುತ್ತಿದ್ದ ಜಾಗ ಯಾವುದು ಎಂದು ಕೇಳಿದರು. ಆ ಹೆಂಗಸು ತೋರಿಸಿದರು. ಅಲ್ಲಿ ಈಗ ಗ್ಯಾಸ್ ಸಿಲಿಂಡರುಗಳನ್ನು ಇಟ್ಟಿದ್ದರು. ಅಕ್ಕೋರು ಗೋಡೆಗೆ ಅಂಗೈ ಒತ್ತಿ ಸ್ವಲ್ಪ ಹೊತ್ತು ನಿಂತು, ಹೋಗೋಣ ಎಂದರು. ವಾಪಸು ರೈಲಿನಲ್ಲಿ ಒಂದೇ ಮಾತು ಆಡಿದರು. "ತವರು ಸಿಕ್ತು ಹೇಳ್ಬೇಕೋ, ಸಿಕ್ಲಿಲ್ಲ ಹೇಳ್ಬೇಕೋ, ನೀನೇ ಹೇಳು." ರತ್ನಾಗಿರಿ ದಾಟುವವರೆಗೂ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಮೂರು ಹೆಸರು ಕೇಳಿದರೆ ಕುಮಟೆಯ ಅಜ್ಜಿಗೆ ಏನಾದರೂ ನೆನಪಾದೀತು ಎಂಬ ಒಂದು ಆಸೆ ಉಳಿದಿತ್ತು. ಮತ್ತೆ ಹೋದೆವು. ಈ ಸಲ ಮಗ ಬಾಗಿಲಲ್ಲೇ ನಿಂತ. ನಮ್ಮಮ್ಮ ಪುಣೆಯ ದೊಡ್ಡ ಮನೆತನದವಳು, ನಿಮಗೆ ಯಾರೋ ತಪ್ಪು ಹೇಳಿದ್ದಾರೆ, ಮನೆಯಲ್ಲಿ ಮಗಳ ಮದುವೆಯ ಮಾತು ನಡೆದಿದೆ, ದಯವಿಟ್ಟು ಇನ್ನು ಬರಬೇಡಿ ಎಂದ. ಕೂಗಾಡಲಿಲ್ಲ, ಬೇಡಿಕೊಂಡ. ಅವನ ಹಿಂದೆ ಜಗಲಿಯ ಕುರ್ಚಿಯಲ್ಲಿ ಮುದುಕಿ ಕೂತಿದ್ದಳು. ಅಕ್ಕೋರು ಅವಳನ್ನು ನೋಡಿದರು. ಅವಳು ಮುಖ ಆಚೆ ತಿರುಗಿಸಿದಳು. ಆ ಮಳೆಗಾಲ ಮುಗಿಯುವುದರೊಳಗೆ ಅವಳು ಹೋದಳೆಂದು ಕೇಳಿದೆವು.

ಇಷ್ಟಕ್ಕೆ ಬಿಟ್ಟಿದ್ದರೆ ಅವರ ಸಂಕಟ ಅವರೊಬ್ಬರದೇ ಆಗಿರುತ್ತಿತ್ತು. ಆದರೆ ಅಕ್ಕೋರಿಗೆ ಗೊತ್ತಾದದ್ದನ್ನು ಮುಚ್ಚಿಟ್ಟು ಗೊತ್ತಿರಲಿಲ್ಲ. ಊರಿಗೆ ಹೋಗಿ ತಮ್ಮನ ಮುಂದೆ ಎಲ್ಲ ಹೇಳಿದರು. ವಂಶಾವಳಿಯ ಖಾಲಿ ಜಾಗದಲ್ಲಿ ಆ ಅನಾಥಾಲಯದ ಊರನ್ನು ಬರೆಯಬೇಕು, ಅದೇ ಅವಳ ತವರು ಎಂದರು. ತಮ್ಮನಿಗೆ ಅಕ್ಕನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಅವನ ಮಗನಿಗೆ ವರ್ಷಗಳಿಂದ ಹೆಣ್ಣು ನೋಡುತ್ತಿದ್ದರು, ಎಲ್ಲೂ ಕೂಡಿಬಂದಿರಲಿಲ್ಲ. "ಮಾಣಿಗೆ ಹೆಣ್ಣು ಸಿಕ್ಕಿದ್ದಿಲ್ಲೆ ಅಕ್ಕ," ಎಂದನಂತೆ. "ಈ ಕಥೆ ಹೊರಗೆ ಬಿದ್ರೆ ಯಾರು ಹೆಣ್ಣು ಕೊಡ್ತ?" ಅಪ್ಪನನ್ನು ಏನೆಂದು ಕರೆದ ಹಾಗಾಯಿತು, ನಮ್ಮನ್ನೆಲ್ಲ ಏನೆಂದು ಕರೆದ ಹಾಗಾಯಿತು ಎಂದು ಅತ್ತನಂತೆ. ಅಕ್ಕೋರು ಊಟ ಮಾಡದೆ ಕೊನೆಯ ಬಸ್ಸಿಗೆ ಹೊನ್ನಾವರಕ್ಕೆ ಬಂದರು.

ಮುಂದಿನ ಸಮ್ಮೇಳನಕ್ಕೆ ಅವರನ್ನು ಕರೆಯಲಿಲ್ಲ. ಹೊಸ ವಂಶಾವಳಿ ಮಾತ್ರ ಯಾರ ಕೈಯಲ್ಲೋ ಬಂತು. ಅಜ್ಜಿಯ ಹೆಸರಿನ ಮುಂದೆ ಕಂಸದಲ್ಲಿ ಪುಣೆ ಎಂದು ಅಚ್ಚಾಗಿತ್ತು. ಕೆಳಗೆ ಒಂದು ಅಡ್ಡಹೆಸರು, ವೇದಪಾಠಿಗಳ ಮಗಳು ಎಂಬ ಒಂದು ಸಾಲು. ಆ ಅಡ್ಡಹೆಸರಿನ ಮನೆಯೇ ಇರಲಿಲ್ಲ. ತಮ್ಮನೇ ಕೂತು ಕಟ್ಟಿದ್ದ. ಅಕ್ಕೋರು ಅದನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೂತರು. ಯಾವ ವಿದ್ಯಾರ್ಥಿಯ ಉತ್ತರ ಪತ್ರಿಕೆ ಹಿಡಿದೂ ಅವರು ಅಷ್ಟು ಸೋತು ಕೂತದ್ದನ್ನು ನಾನು ನೋಡಿರಲಿಲ್ಲ.

ಆ ವರ್ಷವೇ, ಅವರೇ ಎತ್ತಿ ಆಡಿಸಿದ್ದ ತಮ್ಮನ ಮಗನಿಗೆ ಮದುವೆಯಾಯಿತು. ಈ ಕಡೆ ಹೆಣ್ಣು ಸಿಗದೆ, ದಲ್ಲಾಳಿಯೊಬ್ಬನ ಮೂಲಕ ಉತ್ತರ ಪ್ರದೇಶದ ಹುಡುಗಿಯನ್ನು ತಂದಿದ್ದರು. ಅಕ್ಕೋರನ್ನು ಊರಿನ ಬಾಯಿಗೆ ಹೆದರಿ ಕರೆದಿದ್ದರು. ಹಿಂದಿ ಬರುವ ನಾನೂ ಜೊತೆಗೆ ಹೋದೆ. ಹುಡುಗಿಯ ಕಡೆಯಿಂದ ಬಂದವರು ಒಬ್ಬ ಸೋದರಮಾವ ಮಾತ್ರ. ಅವತ್ತೇ ಅವಳಿಗೆ ಹೊಸ ಹೆಸರಿಟ್ಟರು. ಎಲ್ಲರೂ ಆ ಹೆಸರಿನಿಂದ ಕರೆದಾಗ ಅವಳು ತಿರುಗಿ ನೋಡುತ್ತಿರಲಿಲ್ಲ, ಅದು ತನ್ನನ್ನು ಎಂದು ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ. ಅಕ್ಕೋರು ಅವಳ ಪಕ್ಕ ಕೂತು, ನನ್ನಿಂದ ಹಿಂದಿಯಲ್ಲಿ ಕೇಳಿಸಿದರು: ನಿನ್ನ ಅಮ್ಮನ ಹೆಸರೇನು, ಅವಳ ಅಮ್ಮ ಯಾವ ಊರವಳು. ಹುಡುಗಿ ಮೆಲ್ಲಗೆ ಹೇಳುತ್ತಿದ್ದಳು. ತಮ್ಮನ ಹೆಂಡತಿ ಬಂದು, ಮದುವೆ ಮನೆಯಲ್ಲೂ ಶುರುವಾಯಿತೇ ಎಂದು ಹುಡುಗಿಯನ್ನು ಎಬ್ಬಿಸಿಕೊಂಡು ಹೋದಳು.

ಆಮೇಲೆ ಸ್ವಲ್ಪ ಕಾಲ ಆ ಹುಡುಗಿ ಪೇಟೆಯ ನೆವದಲ್ಲಿ ಅಕ್ಕೋರ ಮನೆಗೆ ಬರುತ್ತಿದ್ದಳು. ಅಕ್ಕೋರು ಅವಳಿಗೆ ಕನ್ನಡ ಓದಲು ಕಲಿಸಿದರು. ಅವಳು ಅಲ್ಲಿಂದ ತಾಯಿಗೆ ಫೋನು ಮಾಡುತ್ತಿದ್ದಳು. ಚಳಿಗಾಲ ಬರಲಿ, ನಾನೇ ನಿನ್ನನ್ನು ಊರಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಅಕ್ಕೋರು ಮಾತು ಕೊಟ್ಟಿದ್ದರು. ಮನೆಯವರಿಗೆ ಗೊತ್ತಾಗಿ ಅದು ನಿಂತಿತು. ಚಳಿಗಾಲದ ಹೊತ್ತಿಗೆ ಅಕ್ಕೋರ ಮೂತ್ರಪಿಂಡಗಳೂ ಸೋತಿದ್ದವು.

ಡಯಾಲಿಸಿಸ್‌ಗೆ ಕುಮಟೆಗೆ ಹೋಗಬೇಕಿತ್ತು. ರಜೆಯಿದ್ದಾಗಲೆಲ್ಲ ನಾನು ಜೊತೆಗೆ ಹೋಗುತ್ತಿದ್ದೆ. ಅವರ ನಡಿಗೆ ನಿಧಾನವಾಗಿತ್ತು. ಹೊಸಬರು ಯಾರಾದರೂ ಸಿಕ್ಕರೆ ಊರು ಕೇರಿ ಏನನ್ನೂ ಕೇಳುತ್ತಿರಲಿಲ್ಲ. ಒಮ್ಮೆ ನಾನೇ ಸಮಾಧಾನಕ್ಕೆಂದು, ಅಷ್ಟು ದೂರ ಹೋಗಿ ಹುಡುಕಿದ್ದು ಕಡಿಮೆಯೇ ಅಕ್ಕೋರೆ ಎಂದೆ. ಅವರು ಹಾಸಿಗೆಯಿಂದ ನನ್ನ ಕಡೆ ತಿರುಗಿದರು.

"ಹುಡುಕಿ ಎಂತ ಮಾಡ್ದೆ? ಮೊದ್ಲು ಆ ಕಂಸ ಖಾಲಿ ಇತ್ತು. ನೋಡಿದವರು ಯಾರಾದ್ರೂ ಇದೆಂತಕ್ಕೆ ಖಾಲಿ ಹೇಳಿ ಕೇಳ್ತಿದ್ರು. ಈಗ ಸುಳ್ಳು ಕೂತಿದೆ. ಇನ್ನು ಯಾರೂ ಕೇಳೂದಿಲ್ಲ. ಅದನ್ನ ಬರೆಸಿದವಳು ನಾನೇ ತಂಗಿ."

ಹಾಗಲ್ಲ ಎಂದೆ. ಶ್ರಾವಣದ ಮೊದಲ ವಾರ ಡಯಾಲಿಸಿಸ್ ಇನ್ನು ಸಾಕು ಎಂದರು. ವೈದ್ಯರು ಹೇಳಿ ನೋಡಿದರು, ನಾನು ಅತ್ತು ನೋಡಿದೆ. ಆತು ಬಿಡು ಎಂದು ನನ್ನ ಕೈ ತಟ್ಟಿದರು. ಹೆಚ್ಚು ದಿನ ಆಗಲಿಲ್ಲ.

ತಮ್ಮ ಬಂದ. ಶವವನ್ನು ಊರಿಗೆ ಒಯ್ದು, ಎಲ್ಲ ಕ್ರಮವನ್ನು ಬಿಡದೆ ಮಾಡಿದ. ಅವನ ಕಣ್ಣು ಊದಿಕೊಂಡಿತ್ತು. ಉತ್ತರಕ್ರಿಯೆಯ ಬೊಜ್ಜದ ದಿನ ನಾನು ಹೋದೆ. ಪುರೋಹಿತರು ಅಕ್ಕೋರ ಹೆಸರು ಹೇಳಿದರು, ಅಮ್ಮನ ಹೆಸರು ಹೇಳಿದರು, ಅಜ್ಜಿಯ ಹೆಸರೆಂದು ಈ ಮನೆಯವರು ಇಟ್ಟ ಹೆಸರನ್ನೇ ಹೇಳಿದರು. ಮಂತ್ರ ಎಲ್ಲಿಯೂ ತಡೆಯಲಿಲ್ಲ.

ಊಟವಾದ ಮೇಲೆ ಉತ್ತರ ಪ್ರದೇಶದ ಆ ಹುಡುಗಿ ಬಸ್ಸಿನವರೆಗೆ ಬರುತ್ತೇನೆಂದು ನನ್ನ ಜೊತೆ ಹೊರಟಳು. ಸೊಂಟದಲ್ಲಿ ಒಂದು ಹೆಣ್ಣುಮಗು. ನಾನು ಹಿಂದಿಯಲ್ಲಿ ಮಾತು ತೆಗೆದೆ. ಅವಳು ಮನೆಯವರ ಕನ್ನಡದಲ್ಲೇ ಉತ್ತರ ಕೊಟ್ಟಳು. ತವರಿಗೆ ಒಮ್ಮೆಯೂ ಹೋಗಲಿಲ್ಲ, ತಾಯಿ ಹೋದ ಚೈತ್ರದಲ್ಲಿ ತೀರಿಕೊಂಡಳು, ಸುದ್ದಿ ಇವಳಿಗೆ ತಿಳಿದದ್ದು ತಿಂಗಳಾದ ಮೇಲೆ. ಇನ್ನು ಹೋಗಿ ಮಾಡುವುದೇನೂ ಇಲ್ಲ ಎಂದಳು. ಬಸ್ಸು ತಿರುವಿನಲ್ಲಿ ಕಾಣಿಸಿತು.

"ಯನ್ನ ಅಮ್ಮನ ಹೆಸರು ಕೇಳಿದ್ದು ಅಕ್ಕೋರು ಒಬ್ಬರೇ," ಎಂದಳು. "ಈಗ ಈ ಊರಲ್ಲಿ ಅದು ಯಾರಿಗೂ ಗೊತ್ತಿಲ್ಲೆ."

ಮದುವೆಯ ದಿನ ನಾನೇ ಕೇಳಿಸಿಕೊಂಡಿದ್ದೆ, ನನಗೆ ಗೊತ್ತಿದೆ ಎಂದೆ. ಆ ಹೆಸರನ್ನು ಹೇಳಿದೆ. ಅವಳು ಮಗುವಿನ ತಲೆಗೆ ಮುಖ ಒತ್ತಿಕೊಂಡು ನಿಂತಳು. ಬಸ್ಸು ನಿಂತಿತು, ನಾನು ಹತ್ತಿದೆ.

ಇದನ್ನು ಬರೆಯಲು ಕೂತಾಗ ಆ ಹೆಸರನ್ನಾದರೂ ಇಲ್ಲಿ ಅಚ್ಚಿನಲ್ಲಿ ಉಳಿಸಬೇಕು ಎಂದುಕೊಂಡಿದ್ದೆ. ಆದರೆ ಆ ಒಂದು ಹೆಸರು ಹಿಡಿದು ಈ ಕಡೆಯವರು ವಿಚಾರಿಸುತ್ತ ಹೋದರೆ ಹುಡುಗಿ ಯಾರು, ಮನೆ ಯಾವುದು ಎಂದು ತಿಳಿದುಬಿಡುತ್ತದೆ. ಆಮೇಲಿನ ಮಾತನ್ನೆಲ್ಲ ಅದೇ ಮನೆಯಲ್ಲಿ ಬದುಕಬೇಕಾದ ಅವಳೇ ಕೇಳಬೇಕು. ಅದಕ್ಕೆ ನಾನೂ ಬರೆಯದೆ ಬಿಟ್ಟಿದ್ದೇನೆ.